ಎರಡು ಸಭೆಗೆ ಒಬ್ಬಳೇ ದುಭಾಷಿ

ನನ್ನ ಜೊತೆ ಕೂರಬೇಕಾಗಿದ್ದ ದುಭಾಷಿ ಫೋನ್ ಮಾಡಿ ತಾನು ಬರುವುದಿಲ್ಲ ಅಂದಾಗ ನಾನು ದೊಮ್ಮಲೂರಿನ ನನ್ನ ಮನೆಯಲ್ಲಿ ಪದಗಳನ್ನು ಹೊಂದಿಸಿಕೊಳ್ಳುತ್ತಾ ಕೂತಿದ್ದೆ. ವಿಕಿರಣ, ಇಂಧನದ ಸರಳು, ತಣಿಸುವ ನೀರು ಇವಕ್ಕೆಲ್ಲ ಜಪಾನಿ ಮಾತು ಸಿದ್ಧವಾಗಿತ್ತು.

“ಕಂಪನಿಯವರು ಬೇಡ ಅಂದ್ಬಿಟ್ರು ಕಣೇ,” ಅಂದ. ಅವನು ಮಾರತ್ತಹಳ್ಳಿಯ ಒಂದು ಜಪಾನಿ ಕಂಪನಿಗೆ ವರ್ಷವಿಡೀ ಕೆಲಸ ಮಾಡುವವನು. ಅಣುಸ್ಥಾವರದ ಜಗಳದಲ್ಲಿ ತಮ್ಮ ದುಭಾಷಿಯ ಮುಖ ಕಾಣಿಸುವುದು ಅವರಿಗೆ ಬೇಕಿರಲಿಲ್ಲ. “ನೀನೂ ಬಿಟ್ಬಿಡು. ಯಾಕ್ ಬೇಕು ಈ ತಲೆನೋವು?”

ಬಿಡುವ ಹಾಗಿರಲಿಲ್ಲ. ಜಪಾನಿನಿಂದ ಬರಬೇಕಾದ ಅತಿಥಿ ಆಗಲೇ ವಿಮಾನ ಹತ್ತಿಯಾಗಿತ್ತು. ನಮ್ಮ ರಾಜ್ಯದ ಉತ್ತರದಲ್ಲಿ ಒಂದು ಹೊಳೆಯ ದಂಡೆಯ ಮೇಲೆ ಹೊಸ ರಿಯಾಕ್ಟರ್‌ಗಳನ್ನು ಕಟ್ಟುವ ಮಾತು ನಡೆದಿತ್ತು. ಜಪಾನಿನ ಅಣುಸ್ಥಾವರದ ದುರಂತದ ನಂತರ ಸ್ವಲ್ಪ ಕಾಲ ತಣ್ಣಗಾಗಿದ್ದ ಚರ್ಚೆ ಈಗ ಮತ್ತೆ ಕಾವೇರಿತ್ತು. ಕರೆಂಟ್ ಎಲ್ಲಿಂದ ತರುತ್ತೀರಿ ಅಂತ ಒಂದು ಕಡೆ, ಅಲ್ಲಿ ಆದದ್ದು ಇಲ್ಲಿ ಆದರೆ ಏನು ಮಾಡುತ್ತೀರಿ ಅಂತ ಇನ್ನೊಂದು ಕಡೆ. ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಎರಡು ಸಾರ್ವಜನಿಕ ಸಭೆ ಮಾಡಲು ಒಂದು ಸಣ್ಣ ಸಂಘ ಹೊರಟಿತ್ತು. ಅದರ ಸಂಘಟಕರು ನಿವೃತ್ತ ಕಾಲೇಜು ಮೇಷ್ಟ್ರು, ಸ್ಥಾವರ ಬೇಡ ಅನ್ನುವವರು. ದುರಂತದಲ್ಲಿ ಊರು ಬಿಟ್ಟು ಓಡಿಬಂದ ಒಬ್ಬ ಜಪಾನಿ ಹೆಂಗಸನ್ನು ಅವರೇ ಕರೆಸಿದ್ದರು. ಸ್ಥಾವರದ ಪರವಾಗಿ ಮಾತಾಡಲು ಒಬ್ಬ ನಿವೃತ್ತ ಎಂಜಿನಿಯರ್ ಒಪ್ಪಿದ್ದರು.

ಈ ಕೆಲಸಕ್ಕೆ ಇಬ್ಬರು ಬೇಕು. ಸಭೆಯಲ್ಲಿ ಕನ್ನಡದಲ್ಲಿ ಆಡಿದ್ದನ್ನೆಲ್ಲ ಅತಿಥಿಯ ಕಿವಿಯಲ್ಲಿ ಜಪಾನಿಯಲ್ಲಿ ಪಿಸುಗುಟ್ಟುತ್ತಾ ಹೋಗಬೇಕು. ಅತಿಥಿ ಮಾತಾಡಿದಾಗ ಕಾಗದದ ಮೇಲೆ ಗುರುತು ಹಾಕಿಕೊಂಡು, ಅವರು ನಿಲ್ಲಿಸಿದ ಮೇಲೆ ಅಷ್ಟನ್ನೂ ಕನ್ನಡದಲ್ಲಿ ಮೈಕಿಗೆ ಹೇಳಬೇಕು. ಅರ್ಧ ಗಂಟೆ ಹೀಗೆ ಮಾಡಿದರೆ ತಲೆ ಜೋಮು ಹಿಡಿಯುತ್ತದೆ, ಗಂಟಲು ಒಣಗುತ್ತದೆ, ಆಗ ಪಕ್ಕದವರು ವಹಿಸಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತಪ್ಪಿದಾಗ ಪಕ್ಕದಿಂದ ಒಂದು ಪದ ಬರೆದು ತಳ್ಳುವ ಕೈ ಇರುತ್ತದೆ. ಈ ಸಲ ಆ ಕೈ ಇರಲಿಲ್ಲ.

ಅತಿಥಿಯನ್ನು ಕಂಟೋನ್ಮೆಂಟ್ ರೈಲು ನಿಲ್ದಾಣದ ಹತ್ತಿರದ ಒಂದು ಗೆಸ್ಟ್ ಹೌಸಿನಲ್ಲಿ ಇಳಿಸಿದ್ದರು. ಎಪ್ಪತ್ತು ದಾಟಿದ, ನನ್ನ ಭುಜಕ್ಕೆ ಬರುವಷ್ಟು ಎತ್ತರದ ಹೆಂಗಸು. ಬಾಗಿ ನಮಸ್ಕಾರ ಮಾಡಿ ಏನೋ ಹೇಳಿದರು. ನನಗೆ ಅರ್ಧ ಅರ್ಥವಾಗಲಿಲ್ಲ.

ಪ್ರಯಾಣದ ಸುಸ್ತು ಇರಬಹುದು ಅಂದುಕೊಂಡೆ. ಟೀ ಬಂತು, ಅವರು ಇನ್ನಷ್ಟು ಮಾತಾಡಿದರು, ಸುಸ್ತಲ್ಲ ಅಂತ ಗೊತ್ತಾಯಿತು. ನಾನು ಕಲಿತದ್ದು ತರಗತಿಯ ಜಪಾನಿ, ಬಳಸಿದ್ದು ಕಾರ್ಖಾನೆಗಳ ಜಪಾನಿ. ಇವರದು ಆ ಕಡಲ ತೀರದ ಆಡುಮಾತು. ‘ಕ’ ಬರಬೇಕಾದಲ್ಲೆಲ್ಲ ‘ಗ’ ಬರುತ್ತಿತ್ತು, ವಾಕ್ಯದ ಕೊನೆಗೆ ‘ಬೇ’ ಅಂತ ಒಂದು ಬಾಲ. ಜಪಾನಿಯಲ್ಲೂ ನಮ್ಮ ಹಾಗೆಯೇ ಕ್ರಿಯಾಪದ ಕೊನೆಗೆ ಬರುವುದು. ಹೌದೋ ಅಲ್ಲವೋ ಅನ್ನುವುದು ತಿಳಿಯುವುದೂ ಅಲ್ಲೇ. ಇವರು ನುಂಗುತ್ತಿದ್ದದ್ದು ಸರಿಯಾಗಿ ಆ ಕೊನೆಯನ್ನೇ. ‘ಹೋದೆ’ ಅಂದರೋ ‘ಹೋಗಲಿಲ್ಲ’ ಅಂದರೋ ಗೊತ್ತಾಗದೆ ಅಣುಸ್ಥಾವರದ ಸಭೆಯಲ್ಲಿ ಹೇಗೆ ಕೂರುವುದು?

“ನಿಮ್ಮ ಮಾತು ನನಗೆ ಸರಿಯಾಗಿ ತಿಳಿಯುತ್ತಿಲ್ಲ,” ಅಂತ ಹೇಳಿಬಿಟ್ಟೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಕ್ಷಮೆ ಕೇಳಿದರು, ಶಾಲೆಯ ಜಪಾನಿಗೆ ಬದಲಾಯಿಸಿಕೊಂಡರು. ಆದರೆ ಆ ಭಾಷೆಯಲ್ಲಿ ಅವರು ಎರಡೇ ಮಾತಿಗೆ ಮುಗಿಸಿಬಿಡುತ್ತಿದ್ದರು, ಯಾರೋ ಬರೆದುಕೊಟ್ಟದ್ದನ್ನು ಓದುವ ಹಾಗೆ. ಇದರಿಂದ ಕೆಲಸ ಆಗುವುದಿಲ್ಲ ಅನ್ನಿಸಿತು. ನಿಮ್ಮ ಮಾತಿನಲ್ಲೇ ಆಡಿ, ನಾನೇ ಕಲಿಯುತ್ತೇನೆ ಅಂದೆ.

ಮಾರನೆಯ ದಿನ ಇಡೀ ಅವರನ್ನು ಕರೆದುಕೊಂಡು ಅಲೆದೆ. ಹಲಸೂರು ಕೆರೆಯ ಕಟ್ಟೆಯ ಮೇಲೆ ಕೂತು ಅಡುಗೆಯ ಬಗ್ಗೆ ಕೇಳಿದೆ, ಅಡುಗೆಯ ಮಾತಿನಲ್ಲಿ ಯಾರೂ ಭಾಷೆ ತಿದ್ದಿಕೊಳ್ಳುವುದಿಲ್ಲ. ತಿಳಿಯದ್ದನ್ನು ಮತ್ತೆ ಹೇಳಿಸಿದೆ, ನಾನೂ ಹೇಳಿ ತೋರಿಸಿದೆ, ಅವರು ನಕ್ಕು ತಿದ್ದಿದರು. ಶಿವಾಜಿನಗರದ ಮಾರುಕಟ್ಟೆಯಲ್ಲಿ ಮೀನಿನ ಅಂಗಡಿಗಳ ಮುಂದೆ ತುಂಬಾ ಹೊತ್ತು ನಿಂತರು. ಇದು ಎಲ್ಲಿಯ ಮೀನು ಅಂತ ಕೇಳು ಅಂದರು. ಅಂಗಡಿಯವರು, “ಮಂಗಳೂರು ಮಾಲ್ ಅಮ್ಮಾ, ಬೆಳಿಗ್ಗೆ ಬಂದಿದ್ದು,” ಅಂದರು. ಮುಂದಿನ ಅಂಗಡಿಯಲ್ಲೂ ಅದೇ ಕೇಳಿಸಿದರು. ದುರಂತದ ನಂತರ ಅಂಗಡಿಯಲ್ಲಿ ಮೊದಲು ಅದನ್ನೇ ಕೇಳುವುದು ತನಗೆ ಅಭ್ಯಾಸವಾಗಿಹೋಗಿದೆ, ಬೇರೆ ದೇಶಕ್ಕೆ ಬಂದರೂ ಬಾಯಿ ತಡೆಯುವುದಿಲ್ಲ ಅಂದರು.

ಸಂಜೆ ಗೆಸ್ಟ್ ಹೌಸಿನ ವರಾಂಡದಲ್ಲಿ ಅವರು ತಮ್ಮ ಕಥೆ ಹೇಳಿದರು. ಸ್ಥಾವರದ ಪಕ್ಕದ ಊರಿನಲ್ಲಿ ಅವರದೊಂದು ಊಟ-ವಸತಿಯ ಮನೆ ಇತ್ತು. ರಿಯಾಕ್ಟರ್ ನಿಲ್ಲಿಸಿ ತಪಾಸಣೆ ಮಾಡುವ ತಿಂಗಳುಗಳಲ್ಲಿ ಹೊರಗಿನಿಂದ ಬರುವ ಕೆಲಸಗಾರರು ಅಲ್ಲಿ ಉಳಿಯುತ್ತಿದ್ದರು. ಬೆಳಗಿನ ಗಂಜಿ, ಡಬ್ಬಿಯ ಊಟ, ರಾತ್ರಿಗೆ ಮೀನು. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಆ ಮನೆಯ ದುಡಿಮೆಯಲ್ಲೇ ಓದಿಸಿದ್ದರು. ಇನ್ನೂ ರಿಯಾಕ್ಟರ್ ಕಟ್ಟೋಣವೇ ಅಂತ ಊರ ಸಭೆಯಲ್ಲಿ ಕೇಳಿದಾಗ ಅವರು ಕೈ ಎತ್ತಿದ್ದರು.

“ನಾನೇ ಎತ್ತಿದೆ. ಮುಂದಿನ ಸಾಲಿನಲ್ಲಿ ಕೂತು ಎತ್ತಿದೆ,” ಅಂದರು. ದುರಂತವಾದಾಗ ಊರು ಬಿಟ್ಟು ಹೋಗಿ ಅಂತ ಧ್ವನಿವರ್ಧಕದಲ್ಲಿ ಕೂಗಿದರು, ಇವರು ಒಂದೆರಡು ದಿನಕ್ಕೆ ಅಂದುಕೊಂಡು ಒಲೆ ಆರಿಸಿ ಹೊರಟರು. ಮತ್ತೆ ಆ ಬಾಗಿಲು ತೆರೆದದ್ದು ಮೈಯೆಲ್ಲ ಮುಚ್ಚುವ ಬಿಳಿ ರಕ್ಷಣಾ ಉಡುಪು ಹಾಕಿಕೊಂಡು, ಸ್ವಲ್ಪ ಹೊತ್ತಿನ ಭೇಟಿಗೆ. ಆಮೇಲೆ ವಿಕಿರಣ ಸೇರಿದೆ ಅಂತ ಅಂಗಳದ ಮೇಲ್ಮಣ್ಣನ್ನು ಕೆರೆದು ಕರಿ ಚೀಲಗಳಲ್ಲಿ ತುಂಬಿದರು. ಮನೆಯನ್ನೂ ಕೆಡವಿದರು.

ಸಂಘಟಕರು ಅಷ್ಟರಲ್ಲಿ ಬಂದು ಕೂತಿದ್ದರು. ನಾನು ತುಣುಕು ತುಣುಕಾಗಿ ಹೇಳುತ್ತಿದ್ದದ್ದನ್ನು ಕೇಳಿ ಅವರ ಮುಖ ಸಣ್ಣದಾಯಿತು.

“ಕೈ ಎತ್ತಿದ್ದು ಬೇಡ. ಅದನ್ನ ಬಿಟ್ಬಿಡಿ,” ಅಂದರು.

“ಅವರು ಹೇಳಿದ್ರೆ ನಾನು ಹೇಳ್ಲೇಬೇಕು ಸರ್.”

“ನೀವು ಈ ರಾಜ್ಯದವರೇ ಅಲ್ವೇನಮ್ಮ? ಆ ಹಳ್ಳಿಗಳ ಬಗ್ಗೆ ನಿಮಗೇನೂ ಅನ್ಸಲ್ವಾ?”

ಅವರು ಕೆಟ್ಟ ಮನುಷ್ಯರಲ್ಲ. ಆ ಹಳ್ಳಿಗಳಿಗೆ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿ ಬಂದವರು, ಸ್ವಂತ ಪಿಂಚಣಿ ಹಾಕಿ ಈ ಸಭೆ ಮಾಡುತ್ತಿದ್ದವರು. ಅದಕ್ಕೇ ಅವರ ಮಾತು ನನಗೆ ನಾಟಿತು. ನಾವು ಏನು ಮಾತಾಡಿಕೊಂಡೆವು ಅಂತ ಅತಿಥಿ ಕೇಳಿದರು. ಸಭೆಯಲ್ಲಿ ಯಾವುದು ಮೊದಲು ಹೇಳಬೇಕು ಅನ್ನುವುದರ ಬಗ್ಗೆ ಅಂದೆ.

ಮೊದಲ ಸಭೆ ಕಂಟೋನ್ಮೆಂಟಿನ ಒಂದು ಹಳೆಯ ಸಭಾಂಗಣದಲ್ಲಿ. ಕುರ್ಚಿಗಳು ತುಂಬಿದ್ದವು. ವಿದ್ಯಾರ್ಥಿಗಳು, ಪತ್ರಿಕೆಯವರು, ಕಾರ್ಖಾನೆಗಳಿಂದ ನಿವೃತ್ತರಾದವರು. ಕನ್ನಡ, ಇಂಗ್ಲಿಷ್, ನಡುವೆ ತಮಿಳು, ಎಲ್ಲವೂ ಬರುತ್ತಿದ್ದವು. ನಾನು ಅತಿಥಿಯ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ಕೂತು ಪಿಸುಗುಟ್ಟುತ್ತಿದ್ದೆ. ಎಂಜಿನಿಯರ್ ಚೆನ್ನಾಗಿ ಮಾತಾಡಿದರು. ಈಗಿನ ವಿನ್ಯಾಸದಲ್ಲಿ ಕರೆಂಟ್ ಹೋದರೂ ನೀರು ತಾನಾಗಿ ಇಳಿದು ರಿಯಾಕ್ಟರನ್ನು ತಣಿಸುತ್ತದೆ, ನಮ್ಮ ಜಾಗ ಕಡಲಿನಿಂದ ದೂರ, ಕಲ್ಲಿದ್ದಲ ಹೊಗೆ ದಿನಾ ಕೊಲ್ಲುವುದನ್ನು ಯಾರೂ ದುರಂತ ಅನ್ನುವುದಿಲ್ಲ ಅಂದರು. ಬೇಸಿಗೆಯಲ್ಲಿ ಹೊಳೆಯೇ ಬತ್ತುತ್ತದಲ್ಲ, ತಣಿಸುವ ನೀರು ಎಲ್ಲಿಂದ ಅಂತ ಸಂಘಟಕರು ಕೇಳಿದರು. ಎಂಜಿನಿಯರ್ ಜಲಾಶಯದ ಲೆಕ್ಕ ಕೊಟ್ಟರು. ಒಂದೂ ಬಿಡದೆ ಅತಿಥಿಗೆ ದಾಟಿಸಿದೆ.

ಆಮೇಲೆ ಎಂಜಿನಿಯರ್ ನೇರವಾಗಿ ಅವರ ಕಡೆ ತಿರುಗಿದರು. “ಅಮ್ಮಾ, ನಿಮಗಾದ ನಷ್ಟಕ್ಕೆ ನನಗೆ ನಿಜವಾಗ್ಲೂ ದುಃಖವಿದೆ. ಒಂದೇ ಪ್ರಶ್ನೆ. ದುರಂತಕ್ಕೆ ಮೊದಲು ಆ ಸ್ಥಾವರದಿಂದ ನಿಮ್ಮ ಊರಿಗೆ ಒಳ್ಳೇದಾಗಿತ್ತಾ ಇಲ್ವಾ?”

ಅವರು ನನ್ನ ಪಿಸುಮಾತು ಮುಗಿಯುವ ತನಕ ಕಾದರು. ತಮ್ಮ ಊರ ಮಾತಿನಲ್ಲಿ ನಿಧಾನವಾಗಿ ಉತ್ತರಿಸಿದರು. ನಾನು ಕಾಗದದ ಮೇಲೆ ಒಂದು ಮನೆ, ಒಂದು ಬಾಣ, ಎತ್ತಿದ ಕೈ ಇಷ್ಟು ಗೀಚಿಕೊಂಡೆ. ಅವರು ನಿಲ್ಲಿಸಿದಾಗ ಸಂಘಟಕರು ನನ್ನನ್ನೇ ನೋಡುತ್ತಿದ್ದರು.

ನಾನು ಮೈಕ್ ತೆಗೆದುಕೊಂಡೆ. “ಹೌದು, ಸ್ಥಾವರದಿಂದ ನನಗೆ ಒಳ್ಳೆಯದಾಯಿತು. ನನ್ನ ಮಕ್ಕಳು ಓದಿದರು. ಇನ್ನೊಂದು ಕಟ್ಟೋಣವೇ ಅಂತ ಕೇಳಿದಾಗ ನಾನೇ ಕೈ ಎತ್ತಿದೆ. ಈಗ ನನ್ನ ಊರಿನಲ್ಲಿ ನನ್ನ ಮನೆ ಇಲ್ಲ. ನಾನು ಅನ್ನ ಬಡಿಸಿದವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಎರಡೂ ನಿಜ.”

ನಮ್ಮ ವೃತ್ತಿಯಲ್ಲಿ ಹೀಗೆಯೇ. ಆಡುವವರು ‘ನಾನು’ ಅಂದರೆ ನಾವೂ ‘ನಾನು’ ಅನ್ನುತ್ತೇವೆ. ಹಾಗಂದರೆ ಮಾತು ನೇರವಾಗಿ ತಲುಪುತ್ತದೆ.

ಮಾರನೆಯ ಬೆಳಿಗ್ಗೆ ಹೊರಮಾವಿನಿಂದ ನಮ್ಮಣ್ಣ ಫೋನ್ ಮಾಡಿದ. “ಏನೇ ಇದು? ರಿಯಾಕ್ಟರ್‌ನಿಂದ ನಿನಗೆ ಒಳ್ಳೇದಾಯ್ತು ಅಂತ ಭಾಷಣ ಮಾಡಿದ್ದೀಯಂತೆ? ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಬಂದಿದೆ.”

ಯಾರೋ ಸಭೆಯ ವಿಡಿಯೊ ಕತ್ತರಿಸಿದ್ದರು. ಅದರಲ್ಲಿ ಅತಿಥಿ ಇರಲಿಲ್ಲ. ನನ್ನ ಮುಖ, ನನ್ನ ದನಿ: “ಸ್ಥಾವರದಿಂದ ನನಗೆ ಒಳ್ಳೆಯದಾಯಿತು. ನಾನೇ ಕೈ ಎತ್ತಿದೆ.” ಮಧ್ಯಾಹ್ನದ ಹೊತ್ತಿಗೆ ವಿರೋಧದವರೂ ಒಂದು ತುಂಡು ಮಾಡಿದ್ದರು. ಅದರಲ್ಲಿ ನಾನು, ನನ್ನ ಊರಿನಲ್ಲಿ ನನ್ನ ಮನೆ ಇಲ್ಲ ಅನ್ನುತ್ತಿದ್ದೆ. ಮೆಟ್ಟಿಲಲ್ಲಿ ಸಿಕ್ಕ ಕೆಳಗಿನ ಮನೆಯವರು, “ನಿಮ್ಮನೆ ಬಿದ್ದೋಯ್ತಾ ಮೇಡಂ?” ಅಂತ ಕನಿಕರದಿಂದ ಕೇಳಿದರು. ನಾನು ಆಗಾಗ ಕೆಲಸ ಮಾಡುವ ಒಂದು ಕಾರ್ಖಾನೆಯವರು ಮುಂದಿನ ವಾರದ ಕೆಲಸ ಸದ್ಯಕ್ಕೆ ಬೇಡ ಅಂದರು, ಕಾರಣ ಹೇಳಲಿಲ್ಲ. ಗೊತ್ತಿಲ್ಲದವರು ಬೈದು ಬರೆದರು. ಅದಕ್ಕಿಂತ ನೋವಾದದ್ದು ಗೊತ್ತಿಲ್ಲದವರ ಹೊಗಳಿಕೆಯಿಂದ.

ಇದು ನನ್ನ ಮಾತಲ್ಲ ಅಂತ ಅಣ್ಣನಿಗೆ ವಿವರಿಸಿದೆ. ಅವನು ಕೇಳಿಸಿಕೊಂಡು, “ಸರಿ, ಹಾಗಾದ್ರೆ ನಿನ್ನ ಮಾತು ಏನು?” ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು, “ಇಂಥದ್ದಕ್ಕೆಲ್ಲ ಹೋಗ್ಬೇಡ,” ಅಂದು ಇಟ್ಟುಬಿಟ್ಟ.

ಎರಡನೆಯ ಸಭೆ ಭಾನುವಾರ, ಕೆ.ಆರ್. ಪುರದ ಒಂದು ಕಲ್ಯಾಣ ಮಂಟಪದಲ್ಲಿ. ಆ ಹೊಳೆ ದಂಡೆಯ ಹಳ್ಳಿಗಳಿಂದ ಗಾರೆ ಕೆಲಸಕ್ಕೆ ಬಂದು ಆ ಕಡೆ ನೆಲೆಸಿದವರು ಬಹಳ ಜನ. ಊರಿನಿಂದಲೂ ಕೆಲವರು ರೈಲಿನಲ್ಲಿ ಬರುವವರಿದ್ದರು. ಸ್ಥಾವರದ ಬಗ್ಗೆ ಒಪ್ಪಿಗೆ ಕೇಳಲು ಅವರ ಊರಿನಲ್ಲಿ ಸಭೆ ಸೇರುವುದಿತ್ತು. ಹಾಗಾಗಿ ಇಲ್ಲಿ ಹೇಳಿದ್ದು ಅಲ್ಲಿಗೆ ಹೋಗಿ ಮುಟ್ಟುವುದಿತ್ತು.

ಬಾಗಿಲಲ್ಲೇ ಸಂಘಟಕರು ನನ್ನನ್ನು ತಡೆದರು. “ನೋಡಿ, ಇವತ್ತು ‘ನಾನು’ ಅನ್ಬೇಡಿ. ‘ಅವರು ಹೀಗೆ ಹೇಳ್ತಾರೆ’ ಅನ್ನಿ. ನಿಮಗೂ ಒಳ್ಳೇದು, ನಮಗೂ ಒಳ್ಳೇದು.”

ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹಗುರವೇ ಆಯಿತು.

ಸಭೆ ಶುರುವಾಯಿತು. ಅತಿಥಿ ಹೇಳಿದರು, ನಾನು ‘ಇವರು ಹೇಳೋದು ಏನಂದ್ರೆ’ ಅಂತ ಹೇಳಿದೆ. ಇವರ ಮನೆ ಇತ್ತಂತೆ. ಇವರು ಅಡುಗೆ ಮಾಡ್ತಿದ್ದರಂತೆ. ಒಲೆ ಆರಿಸಿ ಹೊರಟರಂತೆ. ಜನ ಕೇಳುತ್ತಿದ್ದರು, ಆದರೆ ಕೂತಲ್ಲೇ ಕದಲತೊಡಗಿದರು. ಹಿಂದಿನ ಸಾಲಿನವರು ಒಬ್ಬೊಬ್ಬರೇ ಟೀ ಕುಡಿಯಲು ಎದ್ದರು. ನನ್ನ ಕಿವಿಗೇ ಅದು ಪೇಪರಿನ ಸುದ್ದಿಯ ಹಾಗೆ ಕೇಳುತ್ತಿತ್ತು. ಅಲ್ಲದೆ ‘ಅಂತೆ’ ಅಂದಾಗಲೆಲ್ಲ ಅವರ ಮಾತಿನ ಮೇಲೆ ನಾನೇ ಸಣ್ಣದೊಂದು ಅನುಮಾನ ಹಾಕುತ್ತಿದ್ದ ಹಾಗಿತ್ತು.

ಅತಿಥಿ ನಡುವೆ ನಿಲ್ಲಿಸಿದರು. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಇವತ್ತು ನೀನು ‘ನಾನು’ ಅನ್ನುತ್ತಿಲ್ಲ. ಯಾಕೆ?”

ಅವರಿಗೆ ಕನ್ನಡ ಒಂದಕ್ಷರ ಬಾರದು. ಮೊದಲ ಸಭೆಯಲ್ಲಿ ನನ್ನ ಬಾಯಲ್ಲಿ ಮತ್ತೆ ಮತ್ತೆ ಬಂದ ಆ ಒಂದು ಸದ್ದನ್ನು ಹಿಡಿದುಕೊಂಡು, ಇದೇ ತಾನು ಅಂತ ಊಹಿಸಿಕೊಂಡಿದ್ದರು.

ನಾನು ವಿಡಿಯೊ ವಿಷಯ ಹೇಳಿದೆ, ಎರಡೇ ವಾಕ್ಯದಲ್ಲಿ. ಅಷ್ಟು ಜನರ ಎದುರು, ಅವರಿಗೆ ತಿಳಿಯದ ಭಾಷೆಯಲ್ಲಿ. ಅತಿಥಿ ತಲೆಯಾಡಿಸಿದರು. “ನಿನಗೆ ತೊಂದರೆಯಾದರೆ ಬೇಡ,” ಅಂದರು. ಅಷ್ಟೇ. ಆಮೇಲೆ ಮುಂದಿನ ಮಾತಿಗೆ ಕಾದು ಕೂತರು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು.

ಆ ಕ್ಷಣದಲ್ಲಿ ನನಗೆ ಕಂಡದ್ದು ಇಷ್ಟು. ಅಷ್ಟು ದೂರ ಬಂದ ಇವರ ಪರವಾಗಿ ಈ ಮಂಟಪದಲ್ಲಿ ಮಾತಾಡುವ ಬಾಯಿ ಒಂದೇ ಇದೆ, ಅದೂ ಈಗ ಇವರಿಂದ ದೂರ ಸರಿದು ಕೂತಿದೆ. ನಾನು ಮೈಕ್ ಎತ್ತಿಕೊಂಡೆ. “ಒಂದು ವಿಷಯ. ನಾನು ಬರೀ ದುಭಾಷಿ. ಇನ್ನು ಮೇಲೆ ನಾನು ‘ನಾನು’ ಅಂದ್ರೆ ಅದು ಈ ಅಮ್ಮ. ಯಾರಾದ್ರೂ ವಿಡಿಯೊ ಮಾಡೋದಾದ್ರೆ ದಯವಿಟ್ಟು ಇವರ ಮುಖವನ್ನೂ ಸೇರಿಸಿ ಮಾಡಿ.” ಸಂಘಟಕರ ಕಡೆ ನೋಡಲಿಲ್ಲ.

ಮತ್ತೆ ಮೊದಲಿನಿಂದ ಹೇಳಿದೆ. ನನ್ನ ಮನೆ ಇತ್ತು. ನಾನು ಅಡುಗೆ ಮಾಡುತ್ತಿದ್ದೆ. ಮುಂದಿನ ಸಾಲಿನಲ್ಲಿ ಕೂತು ಕೈ ಎತ್ತಿದೆ. ಎದ್ದು ಹೋಗಿದ್ದವರಲ್ಲಿ ಕೆಲವರು ಕಂಬಕ್ಕೆ ಒರಗಿ ನಿಂತರು.

ಪ್ರಶ್ನೆಯ ಹೊತ್ತು ಬಂದಾಗ ಊರಿನಿಂದ ರೈಲಿನಲ್ಲಿ ಬಂದಿದ್ದ ಒಬ್ಬ ಹೆಂಗಸು ಎದ್ದು ನಿಂತರು. ಅರವತ್ತರ ಹತ್ತಿರದವರು, ತಲೆ ಮೇಲೆ ಸೆರಗು. ಮೈಕ್ ಬೇಡ ಅಂತ ಕೈ ಮಾಡಿದರು.

“ನನಗ ಆ ಯಂತ್ರದ ಮಾತು ತಿಳಿಯೂದಿಲ್ಲವ್ವಾ. ನಮ್ಮೂರಾಗ ಈಗ ನಮ್ಮನ್ನೂ ಕೇಳತಾರ, ಬೇಕೋ ಬ್ಯಾಡೋ ಅಂತ. ನನ್ನ ಮಗಗ ಅಲ್ಲಿ ಕೆಲಸಾ ಕೊಡತೀವಿ ಅಂದಾರ. ಅಂವ ಇಲ್ಲೆ ಗಾರೆ ಹೊರಾಕತ್ತಾನ. ಕೈ ಎತ್ತಲ್ಯೋ ಬ್ಯಾಡೋ, ಆಕಿನ್ನ ಕೇಳು.”

ನಾನು ದಾಟಿಸಿದೆ. ಎಂಜಿನಿಯರ್, ಸಂಘಟಕರು ಇಬ್ಬರೂ ಮುಂದಕ್ಕೆ ಬಾಗಿದರು. ಅತಿಥಿ ಬಹಳ ಹೊತ್ತು ಸುಮ್ಮನಿದ್ದರು. ಮೈಕಿನ ಮುಂದೆ ಸುಮ್ಮನಿರುವುದನ್ನು ಜನ ಸಹಿಸುವುದಿಲ್ಲ. ಏನಾದರೂ ಹೇಳಿ ಅಂತ ಸಂಘಟಕರು ನನಗೆ ಸನ್ನೆ ಮಾಡಿದರು. ಅವರು ಸುಮ್ಮನಿದ್ದಷ್ಟು ಹೊತ್ತು ನಾನೂ ಸುಮ್ಮನಿದ್ದೆ.

ಕೊನೆಗೆ ಅವರು ಆಡಿದರು, ನಾನು ಹೇಳಿದೆ:

“ನಿಮ್ಮ ಕೈಯನ್ನು ನಾನು ಎತ್ತುವುದಕ್ಕೂ ಆಗುವುದಿಲ್ಲ, ಇಳಿಸುವುದಕ್ಕೂ ಆಗುವುದಿಲ್ಲ. ನನ್ನ ಮಗನಿಗೂ ಕೆಲಸ ಬೇಕಿತ್ತು, ಅದನ್ನು ನೋಡಿಯೇ ಎತ್ತಿದೆ. ಆವತ್ತು ನಾನು ರಸ್ತೆ ಕೇಳಿದೆ, ಶಾಲೆ ಕೇಳಿದೆ. ಒಂದು ಕೇಳಲಿಲ್ಲ. ಏನಾದರೂ ಆದರೆ ನಮ್ಮನ್ನು ಎಲ್ಲಿಗೆ ಕಳಿಸುತ್ತೀರಿ, ಎಲ್ಲರನ್ನೂ ಒಟ್ಟಿಗೆ ಕಳಿಸುತ್ತೀರಾ ಅಂತ. ಅದನ್ನು ಕೇಳಬೇಕು ಅಂತಲೇ ಹೊಳೆಯಲಿಲ್ಲ. ಈಗ ನನ್ನ ನೆರೆಯವರು ಒಬ್ಬೊಬ್ಬರು ಒಂದೊಂದು ಕಡೆ ಇದ್ದಾರೆ. ನಾನಿರುವ ಕಟ್ಟಡದಲ್ಲಿ ನನ್ನ ಮಾತು ಯಾರಿಗೂ ತಿಳಿಯುವುದಿಲ್ಲ. ನೀವು ಅದನ್ನು ಕೇಳಿ. ಉತ್ತರ ನಿಮಗೆ ತಿಳಿಯುವ ಮಾತಿನಲ್ಲಿ ಬರಲಿ. ಆಮೇಲೆ ನೀವೇ ನೋಡಿ.”

ಎಂಜಿನಿಯರ್ ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡರು, ಮತ್ತೆ ಮೈಕ್ ಹತ್ತಿರ ಬಂದು, “ಇದಕ್ಕೆ ನನ್ನ ಹತ್ತಿರ ಈಗ ಉತ್ತರ ಇಲ್ಲ. ಇರಬೇಕಾಗಿತ್ತು,” ಅಂದರು. ಅವರು ಅಷ್ಟು ಹೇಳಿದ್ದನ್ನು ಅತಿಥಿಗೆ ಪಿಸುಗುಟ್ಟಿದೆ. ಅವರು ಕೂತಲ್ಲೇ ಎಂಜಿನಿಯರ್ ಕಡೆಗೆ ಬಾಗಿ ನಮಸ್ಕರಿಸಿದರು.

ಸಂಘಟಕರು ಬೀಳ್ಕೊಡುವಾಗ ಸೌಜನ್ಯದಿಂದಲೇ ಇದ್ದರು. “ನಿಮ್ಮ ಕೆಲಸ ನೀವು ಮಾಡಿದ್ರಿ,” ಅಂದರು. ಮತ್ತೆ ಕರೆಯಲಿಲ್ಲ. ಊರಿನ ಆ ಹೆಂಗಸು ಹೊರಡುವ ಮುಂಚೆ ನನ್ನ ಫೋನ್ ನಂಬರ್ ಕೇಳಿ, ಮಗನ ಫೋನಿನಲ್ಲಿ ಹಾಕಿಸಿಕೊಂಡರು.

ವಿಮಾನ ನಿಲ್ದಾಣದ ದಾರಿಯಲ್ಲಿ ಅತಿಥಿ ಕಿಟಕಿಯಿಂದ ಹೊರಗೆ ನೋಡುತ್ತಾ, “ನೀನಾಗಿದ್ದರೆ ಕೈ ಎತ್ತುತ್ತಿದ್ದೆಯಾ?” ಅಂತ ಕೇಳಿದರು. ಆ ವಾರವೆಲ್ಲ ನನ್ನನ್ನು ಅದನ್ನು ಕೇಳಿದವರು ಅವರೊಬ್ಬರೇ. ಕರೆಂಟ್ ಹೋದರೆ ನನಗೂ ಸಿಟ್ಟು ಬರುತ್ತದೆ, ಹೊಗೆ ನನಗೂ ಬೇಡ, ಆದರೆ ಇಲ್ಲಿ ದೊಮ್ಮಲೂರಿನಲ್ಲಿ ಕೂತು ಆ ಹೊಳೆ ದಂಡೆಯವರ ಪಾಲಿನ ಕೈ ಎತ್ತಲು ನಾನು ಯಾರು ಅನ್ನಿಸುತ್ತದೆ ಅಂದೆ. ನನ್ನ ಜಪಾನಿ ವಾಕ್ಯದ ಕೊನೆಗೆ ಅವರ ಊರಿನ ‘ಬೇ’ ಸೇರಿಕೊಂಡಿತ್ತು. ಅವರು ನಕ್ಕರು. ಈ ಕೆಲವು ದಿನ ಮಾತಾಡಿದಷ್ಟು ಊರ ಮಾತನ್ನು ವರ್ಷಗಳಿಂದ ಮಾತಾಡಿರಲಿಲ್ಲ ಅಂದರು. ಒಳಗೆ ಹೋಗುವಾಗ ತಿರುಗಿ ಎರಡು ಸಲ ಬಾಗಿದರು.

ಅವರನ್ನು ಕಳಿಸಿ ಬಂದ ಮೇಲೆ ಬಹಳ ದಿನ ಕೆಲಸ ಬರಲಿಲ್ಲ. ಬಂದಾಗ ಒಂದು ಕಾರ್ಖಾನೆಯ ಪಂಪುಗಳ ತರಬೇತಿ ಬಂತು. ಆ ಸಭೆಗಳಿಗೆ ಬರಲ್ಲ ಅಂದಿದ್ದ ಜೊತೆಗಾರನೂ ಇದ್ದ. ಅರ್ಧ ಗಂಟೆಗೊಮ್ಮೆ ಮೈಕ್ ಕೈ ಬದಲಾಯಿಸಿಕೊಂಡೆವು.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೊಳೆ ದಂಡೆಯ ಹೆಂಗಸು.

“ಕೇಳಿದ್ವಿ ನೋಡವ್ವಾ. ನಮ್ಮನ್ನ ಎಲ್ಲಿಗೆ ಕಳಸ್ತೀರಿ, ಎಲ್ಲಾರನ್ನೂ ಕೂಡೇ ಕಳಸ್ತೀರೇನು ಅಂತ ಕೇಳಿದ್ವಿ. ಸಾಹೇಬ್ರು ಬರಕೊಂಡು ಹೋದ್ರು. ತಿಳಕೊಂಡು ಬಂದು ಹೇಳತೀವಿ ಅಂದಾರ. ಅಲ್ಲೀತನಾ ಕೈ ಎತ್ತೂದು ಮುಂದ ಹೋತು.”

“ಒಳ್ಳೇದಾಯ್ತಮ್ಮ,” ಅಂದೆ.

“ಒಳ್ಳೇದೋ ಕೆಟ್ಟದ್ದೋ. ನನ್ನ ಮಗ ಸಿಟ್ಟಾಗ್ಯಾನ. ಅಂವಗ ಕೆಲಸಾ ಬೇಕಲ್ಲ.” ಸ್ವಲ್ಪ ತಡೆದು ಕೇಳಿದರು: “ಆಕಿ ಆರಾಮ ಊರು ಮುಟ್ಟಿದಳೇನು?”

ಹೌದು ಅನ್ನಲು ಬಾಯಿ ತೆರೆದೆ. ಊರು ಅನ್ನುವ ಮಾತು ಅಡ್ಡ ಬಂತು.

“ಈಗಿರೋ ಮನೆ ಮುಟ್ಟಿದ್ರಮ್ಮ,” ಅಂದೆ.

“ಹೌದಲ್ಲ, ಊರು ಎಲ್ಲೈತಿ ಆಕಿಗೆ,” ಅಂದರು.